ಓಬಿ ಇಲಿಯೋ, ಡಿಬಿ ಇಲಿಯೋ: ಲ್ಯಾಬಿಗೆ ತರಿಸುವ ಮುನ್ನ

ಮಧುಮೇಹದ ಔಷಧ ಪರೀಕ್ಷೆಗೆಂದು ಬಿ6 (ಸಿ57ಬಿಎಲ್/6) ತಳಿಯ ಓಬಿ/ಓಬಿ ಇಲಿ, ಅಂದರೆ ಜೀನಿನ ಎರಡೂ ಪ್ರತಿಗಳಲ್ಲಿ 'ಓಬಿ' ಎಂಬ ಬೊಜ್ಜಿನ ಮ್ಯುಟೇಶನ್ ಇರುವ ಇಲಿ ತರಿಸುತ್ತಾರೆ. ನಾಲ್ಕನೇ ತಿಂಗಳ ಹೊತ್ತಿಗೆ ಅದರ ರಕ್ತದ ಸಕ್ಕರೆ ತಾನಾಗಿಯೇ ಇಳಿಯುತ್ತದೆ, ಹೆಸರು ಔಷಧಕ್ಕೆ ಬರುತ್ತದೆ. ಈ ಇಲಿ ಬೊಜ್ಜು, ಇನ್ಸುಲಿನ್ ಪ್ರತಿರೋಧ, ಕೊಬ್ಬಿನ ಯಕೃತ್ತು ಇವುಗಳಿಗೆ ಒಳ್ಳೆಯದು. ದೀರ್ಘಕಾಲದ ಮಧುಮೇಹಕ್ಕೆ ಆಗಿಬರುವುದಿಲ್ಲ.

1949ರಲ್ಲಿ ಅಮೆರಿಕದ ಜಾಕ್ಸನ್ ಲ್ಯಾಬೊರೇಟರಿಯಲ್ಲಿ ಕಾಣಿಸಿಕೊಂಡ ಓಬಿ ಮ್ಯುಟೇಶನ್, ಕೊಬ್ಬಿನ ಕೋಶಗಳು ಹೊರಸೂಸುವ ಲೆಪ್ಟಿನ್ ಹಾರ್ಮೋನಿನ ಜೀನಿನ 105ನೇ ಕೋಡಾನನ್ನು (ಮೂರಕ್ಷರದ ಸಂಕೇತವನ್ನು) ನಿಲುಗಡೆ ಸಂಕೇತವಾಗಿಸುತ್ತದೆ. ಕೊಬ್ಬು ಎಷ್ಟು ಕೂಡಿದೆ ಎಂಬ ಸುದ್ದಿ ಮಿದುಳಿಗೆ ಮುಟ್ಟುವುದೇ ಇಲ್ಲ. ನಾಲ್ಕು ವಾರಕ್ಕೇ ದಪ್ಪ ಇಲಿ ಗುರುತು ಸಿಗುತ್ತದೆ. ಮುಂದೆ ತೂಕ ಮಾಮೂಲಿ ಇಲಿಯ ಮೂರು ಪಟ್ಟು ಮುಟ್ಟಬಹುದು. ಆದರೆ ಬಿ6 ತಳಿಯ ಹಿನ್ನೆಲೆಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಹೆಚ್ಚಿಕೊಂಡು ಬೇಕಾದಷ್ಟು ಇನ್ಸುಲಿನ್ ಒದಗಿಸುವುದರಿಂದ 14–16 ವಾರದ ಹೊತ್ತಿಗೆ ಸಕ್ಕರೆ ಹತೋಟಿಗೆ ಬರುತ್ತದೆ. ಯಕೃತ್ತಿನಲ್ಲಿ ಕೊಬ್ಬು ಧಾರಾಳ, ನಾರುಗಟ್ಟುವಿಕೆ ಮಾತ್ರ ಅಪರೂಪ. ಅದಕ್ಕೂ ಲೆಪ್ಟಿನ್ ಬೇಕು!

1966ರಲ್ಲಿ ವರದಿಯಾದ ಇನ್ನೊಂದು ಮ್ಯುಟೇಶನ್ 'ಡಿಬಿ'. ಡಿಬಿ/ಡಿಬಿ ಇಲಿಯಲ್ಲಿ ಕೆಟ್ಟಿರುವುದು ಲೆಪ್ಟಿನ್ ಗ್ರಾಹಕದ ಉದ್ದ ರೂಪ. ರಕ್ತದಲ್ಲಿ ಲೆಪ್ಟಿನ್ ತುಂಬಿದೆ, ಕೇಳಿಸಿಕೊಳ್ಳುವವರಿಲ್ಲ. ಬಿಕೆಎಸ್ ಎಂಬ ಇನ್ನೊಂದು ತಳಿಯ ಹಿನ್ನೆಲೆಯಲ್ಲಿ 10–14 ದಿನಕ್ಕೆ ಇನ್ಸುಲಿನ್, 4–8 ವಾರಕ್ಕೆ ಸಕ್ಕರೆ ಏರುತ್ತದೆ. ಆಮೇಲೆ ಬೀಟಾ ಕೋಶಗಳು ಸೋತು ತೂಕವೂ ಕರಗುತ್ತದೆ. ಇದು ನಿಜವಾದ ಮಧುಮೇಹದ ಇಲಿ. ಪ್ರಯೋಗವನ್ನು ಇಲಿಯ 8–12 ವಾರದ ವಯಸ್ಸಿನೊಳಗೆ ಮುಗಿಸುವುದು ಕ್ಷೇಮ. ಇದೇ ಡಿಬಿಯನ್ನು ಬಿ6ಗೆ ಸೇರಿಸಿದರೆ ರೋಗ ಸೌಮ್ಯವಾಗುತ್ತದೆ. ಆದ್ದರಿಂದ ಆರ್ಡರಿನಲ್ಲಿ 'ಡಿಬಿ' ಎಂದಷ್ಟೇ ಬರೆದರೆ ಸಾಲದು. ಜಾಕ್ಸನ್ ಪಟ್ಟಿಯಲ್ಲಿ ಬಿಕೆಎಸ್‌ನದು 000642, ಬಿ6ನದು 000697.

ಎರಡರಲ್ಲೂ ದಪ್ಪ ಇಲಿಗಳಿಗೆ ಸಂತಾನವಾಗದು. ವಾಹಕ (ಮ್ಯುಟೇಶನ್ನಿನ ಒಂದೇ ಪ್ರತಿ ಹೊತ್ತ) ಜೋಡಿಗಳಿಂದ ನಾಲ್ಕರಲ್ಲಿ ಒಂದು ದಪ್ಪ ಮರಿ ಸಿಕ್ಕರೆ ಪುಣ್ಯ. 000642ರಲ್ಲಿ ಒಂದು ಅನುಕೂಲವಿದೆ: ಡಿಬಿಯ ಎದುರು ಕ್ರೋಮೊಸೋಮಿನಲ್ಲಿ 'ಮಿಸ್ಟಿ' ಎಂಬ ಬಣ್ಣದ ಗುರುತು ಕೂತಿದೆ. ಕಪ್ಪಗೆ ದಪ್ಪಗಿದ್ದರೆ ಡಿಬಿ/ಡಿಬಿ, ಕಪ್ಪಗೆ ತೆಳ್ಳಗಿದ್ದರೆ ವಾಹಕ, ಬೂದು ಬಣ್ಣದ್ದು ಡಿಬಿ ಇಲ್ಲದ್ದು. ಹೋಲಿಕೆಗೆ ಇಡುವ ನಿಯಂತ್ರಣ ಗುಂಪಿನಲ್ಲಿ ಕಪ್ಪು, ಬೂದು ಬೆರೆಸಬೇಡಿ; ಮಿಸ್ಟಿಯೂ ಒಂದು ಮ್ಯುಟೇಶನ್ನೇ. ಓಬಿಗೆ ನಿಯಂತ್ರಣವಾಗಿ ಸಿ57ಬಿಎಲ್/6ಎನ್ ಇಲಿ ಹಿಡಿಯುವುದಂತೂ ಸಲ್ಲ. ಓಬಿ ಕೂತಿರುವ ಸಿ57ಬಿಎಲ್/6ಜೆ ಉಪತಳಿಯಲ್ಲಿ ಇನ್ಸುಲಿನ್ ಸ್ರವಿಕೆಗೆ ಸಂಬಂಧಿಸಿದ ಎನ್‌ಎನ್‌ಟಿ ಜೀನ್ ಮುರಿದಿದೆ, 6ಎನ್‌ನಲ್ಲಿ ಸರಿಯಿದೆ. ಇನ್ಸುಲಿನ್ ಸ್ರವಿಕೆಯ ಲೆಕ್ಕ ಅಲ್ಲೇ ತಪ್ಪುತ್ತದೆ.

ಗ್ಲುಕೋಸ್ ಕೊಟ್ಟು ರಕ್ತದ ಸಕ್ಕರೆ ಹೇಗೆ ಇಳಿಯುತ್ತದೆಂದು ನೋಡುವ ಗ್ಲುಕೋಸ್ ಸಹಿಷ್ಣುತಾ ಪರೀಕ್ಷೆಯಲ್ಲಿ ಎಡವುವವರೇ ಹೆಚ್ಚು. ಆರು ಗಂಟೆ ಉಪವಾಸ ಸಾಕು. ರಾತ್ರಿಯಿಡೀ ಹಸಿವಿಗಿಟ್ಟರೆ ಇಲಿಯ ಜೀವಕ್ರಿಯೆಯೇ ಬದಲಾಗುತ್ತದೆ. ಶೇ. 20ರ ಗ್ಲುಕೋಸ್ ದ್ರಾವಣವನ್ನು ಗ್ರಾಂ ತೂಕಕ್ಕೆ 10 ಮೈಕ್ರೊಲೀಟರಿನಂತೆ ಹೊಟ್ಟೆಯೊಳಗೆ ಚುಚ್ಚಿದರೆ ಕಿಲೋಗೆ 2 ಗ್ರಾಂ ಆಗುತ್ತದೆ. ತೆಳ್ಳನೆಯ ಇಲಿಗೆ ಇದು ಸರಿ. 50 ಗ್ರಾಂ ಇಲಿಗೂ ಇದೇ ಲೆಕ್ಕ ಹಿಡಿದರೆ ಸಕ್ಕರೆ ಬಳಸುವ ಸ್ನಾಯು ಹೆಚ್ಚದೆ ಗ್ಲುಕೋಸ್ ಮಾತ್ರ ದುಪ್ಪಟ್ಟಾಗುತ್ತದೆ. ಕೊಬ್ಬು ಕಳೆದ ತೂಕದ ಮೇಲೆ ಕೊಡಿ, ಇಲ್ಲವೇ ಕಿಲೋಗೆ 1 ಗ್ರಾಂಗೆ ಇಳಿಸಿ. ಬಾಲದಿಂದ 0, 15, 30, 60, 90, 120ನೇ ನಿಮಿಷದಲ್ಲಿ ರಕ್ತ ತೆಗೆಯಬೇಕು. ಹಲವು ಗ್ಲುಕೋಮೀಟರುಗಳು ಸಕ್ಕರೆ 600 ಮಿ.ಗ್ರಾಂ/ಡೆಸಿಲೀಟರ್ ದಾಟಿದೊಡನೆ ಅಂಕಿ ಬಿಟ್ಟು 'ಹೈ' ಎನ್ನುತ್ತವೆ. ಅದನ್ನು 600 ಎಂದು ಬರೆದುಕೊಂಡರೆ ಗ್ರಾಫು ಮೇಲೆ ಚಪ್ಪಟೆ. ಆ ಮಾದರಿಯನ್ನು ತೆಳುಗೊಳಿಸಿ ಬೇರೆ ವಿಧಾನದಲ್ಲಿ ಅಳೆಯಿರಿ.

ಡಿಬಿ ಪಂಜರದ ಹಾಸು ಮೂತ್ರದಿಂದ ಬೇಗ ತೊಯ್ಯುವುದರಿಂದ ಮತ್ತೆ ಮತ್ತೆ ಬದಲಿಸಬೇಕು. ಓಬಿಗೆ ಚಳಿ ತಡೆಯುವುದಿಲ್ಲ. 4 ಡಿಗ್ರಿಯಲ್ಲಿ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಗೂಡಿಗೆ ಸಾಕಷ್ಟು ಹಾಸು ಕೊಡಿ.

ಔಷಧ ಪರೀಕ್ಷೆಯಾದರೆ ಇನ್ನೊಂದು ಗುಂಪು ಬೇಕೇ ಬೇಕು: ಔಷಧ ಪಡೆದ ಇಲಿ ತಿಂದಷ್ಟೇ ಮೇವು, ಔಷಧವಿಲ್ಲದೆ. ಈ ಇಲಿಗಳಿಗೆ ಮೇವು ಕಡಿಮೆಯಾದರೂ ಸಾಕು, ಸಕ್ಕರೆ ಇಳಿಯುತ್ತದೆ.