ದೆಹಲಿಯ ಬಾಡಿಗೆ ಮನೆಗೆ ಆಯಿಲ್ ಹೀಟರ್ ತಗೊಳ್ಳಬೇಕಾ?

ಆಯಿಲ್ ಹೀಟರ್, ಅಂದರೆ ಒಳಗಿನ ಎಣ್ಣೆಯನ್ನು ಕರೆಂಟಿನಿಂದ ಕಾಯಿಸಿ ಕೋಣೆ ಬೆಚ್ಚಗಾಗಿಸುವ ಹೀಟರ್, ತಗೊಳ್ಳಿ. ಆದರೆ ಒಂದೇ ಒಂದು, ಅದೂ ಮಲಗುವ ಕೋಣೆಗೆ ಮಾತ್ರ. ಇಡೀ ಮನೆ ಬೆಚ್ಚಗಾಗಲಿ ಅಂತ ತಂದರೆ ಚಳಿಯೂ ಹೋಗುವುದಿಲ್ಲ, ಬಿಲ್ ನೋಡಿ ಬೇಜಾರು ಬೇರೆ.

ನಾವು ಕೆಲವು ವರ್ಷ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದು ವಾಪಸ್ ಬಂದವರು. ಕೆಲಸ ಸಿಕ್ಕಿದ್ದು ದೆಹಲಿಯಲ್ಲಿ. ಮೈನಸ್ ಡಿಗ್ರಿಯಲ್ಲಿ ಇದ್ದು ಬಂದವರಿಗೆ ದೆಹಲಿಯ ಆರೇಳು ಡಿಗ್ರಿ ಯಾವ ಲೆಕ್ಕ ಅಂತ ಊರಲ್ಲಿ ಎಲ್ಲರೂ ನಕ್ಕರು. ಆದರೆ ಜರ್ಮನಿಯಲ್ಲಿ ಬಾಗಿಲು ಹಾಕಿಕೊಂಡರೆ ಚಳಿ ಬೀದಿಯಲ್ಲೇ ಉಳಿಯುತ್ತದೆ. ಪ್ರತಿ ಕಿಟಕಿಯ ಕೆಳಗೂ ಬಿಸಿನೀರು ಹರಿಯುವ ರೇಡಿಯೇಟರ್ ಇರುತ್ತದೆ, ಅದರ ತಿರುಗಣೆಯನ್ನು 3ಕ್ಕೆ ಇಟ್ಟರೆ ಕೋಣೆ ಸುಮಾರು 20 ಡಿಗ್ರಿಗೆ ನಿಲ್ಲುತ್ತದೆ, ಟೀ ಶರ್ಟ್ ಹಾಕಿಕೊಂಡು ಓಡಾಡಬಹುದು. ದೆಹಲಿಯ ಮನೆ ಕಟ್ಟಿರುವುದು ಮೇ-ಜೂನ್ ತಿಂಗಳ ಬಿಸಿಲನ್ನು ತಲೆಯಲ್ಲಿಟ್ಟುಕೊಂಡು. ನೆಲಕ್ಕೆ ಮಾರ್ಬಲ್, ಕಿಟಕಿಗೆ ಒಂದೇ ಪದರದ ಗಾಜು, ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದು. ನಮ್ಮ ಮಲಗುವ ಕೋಣೆಯ ಕಿಟಕಿಯಲ್ಲಂತೂ ಕೂಲರ್ ಕೂರಿಸಲು ಕೊರೆದ ದೊಡ್ಡ ಚೌಕವೇ ಇತ್ತು. ಹಿಂದಿನ ಬಾಡಿಗೆಯವರು ಅದಕ್ಕೆ ಒಂದು ಪ್ಲೈವುಡ್ ತುಂಡು ಹೊಡೆದು ಹೋಗಿದ್ದರು, ಅದರ ಸುತ್ತಲಿಂದ ರಾತ್ರಿಯಿಡೀ ಗಾಳಿ ನುಗ್ಗುತ್ತಿತ್ತು. ಜನವರಿಯಲ್ಲಿ ಮಂಜು ಕವಿದರೆ ಕೆಲವೊಮ್ಮೆ ದಿನಗಟ್ಟಲೆ ಸರಿಯಾಗಿ ಬಿಸಿಲೇ ಬೀಳುವುದಿಲ್ಲ, ಇಟ್ಟಿಗೆ ಗೋಡೆ ಒಮ್ಮೆ ತಣ್ಣಗಾದರೆ ಮುಗೀತು, ಮುಟ್ಟಿದರೆ ಕೈ ಕೊರೆಯುತ್ತದೆ. ಧಾರವಾಡದಿಂದ ಬಂದಿದ್ದ ಅಮ್ಮ, ಬಿಸಿಲು ಬಿದ್ದ ಒಂದು ಮಧ್ಯಾಹ್ನ ಎದುರಿನ ಪಾರ್ಕಿನಲ್ಲಿ ಕೂತು, "ಮನಿ ಒಳಗಿಂತ ಹೊರಗ ಬೆಚ್ಚಗ ಐತಲ್ಲೋ" ಅಂದರು. ಅಕ್ಕಪಕ್ಕದ ಆಂಟಿಗಳೆಲ್ಲ ಶೇಂಗಾ ಸುಲಿಯುತ್ತಾ ಅಲ್ಲೇ ಕೂತಿರುವುದು ಸುಮ್ನೆ ಅಲ್ಲ.

ಇನ್ನು ಹೀಟರ್ ವಿಷಯ. ನಾವು ತಂದದ್ದು, ಸಾಲಾಗಿ ನಿಂತ ಲೋಹದ ಪಟ್ಟಿಗಳನ್ನು ಫಿನ್ ಅಂತಾರಲ್ಲ, ಅಂಥ 11 ಫಿನ್‌ನದ್ದು, 2500 ವ್ಯಾಟ್, ಜೊತೆಗೆ 400 ವ್ಯಾಟ್‌ನ ಪುಟ್ಟ ಫ್ಯಾನ್. ಬೆಲೆ ಹತ್ತು ಸಾವಿರ ರೂಪಾಯಿಯ ಆಸುಪಾಸು. ಕಂಪನಿ ಹೆಸರು ಬೇಕಂತಲೇ ಬರೆದಿಲ್ಲ, ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ್ದನ್ನು ನೋಡಿದರೆ ಬಣ್ಣ ಬಿಟ್ಟು ಬೇರೆ ವ್ಯತ್ಯಾಸ ಜಾಸ್ತಿ ಕಾಣಲಿಲ್ಲ. ಒಳಗಿನ ಎಣ್ಣೆ ಉರಿಯುವುದಿಲ್ಲ, ಖಾಲಿಯೂ ಆಗುವುದಿಲ್ಲ, ಅದನ್ನು ತುಂಬಿಸುವ ರಗಳೆ ಇಲ್ಲ.

ಅಂಗಡಿಯವನು ಎರಡು ಮಾತು ಹೇಳೇ ಹೇಳುತ್ತಾನೆ. ಒಂದು, ಇದು ಆಕ್ಸಿಜನ್ ತಿನ್ನುವುದಿಲ್ಲ. ನಿಜ, ಆದರೆ ಕರೆಂಟಿನ ಯಾವ ಹೀಟರೂ ತಿನ್ನುವುದಿಲ್ಲ, ಕೆಂಪಗೆ ಕಾಯುವ ಅಗ್ಗದ ರಾಡ್ ಹೀಟರ್ ಕೂಡ. ಜೀವ ತೆಗೆಯುವುದು ಮುಚ್ಚಿದ ಕೋಣೆಯಲ್ಲಿ ಇಟ್ಟುಕೊಳ್ಳುವ ಇದ್ದಿಲಿನ ಅಗ್ಗಿಷ್ಟಿಕೆ, ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್. ಉತ್ತರ ಭಾರತದ ಪೇಪರಿನಲ್ಲಿ ಚಳಿಗಾಲ ಬಂದರೆ ಈ ಸುದ್ದಿ ತಪ್ಪುವುದಿಲ್ಲ. ಎರಡನೆಯದು, ಕರೆಂಟ್ ಕಡಿಮೆ ಎಳೆಯುತ್ತದೆ. ಇದು ಬರೀ ಓಳು. ಒಂದು ಯೂನಿಟ್ ಕರೆಂಟಿಗೆ ರಾಡ್ ಹೀಟರ್ ಕೊಡುವಷ್ಟೇ ಶಾಖವನ್ನು ಇದೂ ಕೊಡುತ್ತದೆ. ಕೋಣೆ ಬಿಸಿಯಾದ ಮೇಲೆ ತಾನೇ ಆಫ್ ಆಗುತ್ತದಲ್ಲ, ಉಳಿತಾಯ ಇದ್ದರೆ ಅಲ್ಲಿ ಮಾತ್ರ.

ಹಾಗಾದರೆ ಇದನ್ನೇ ಯಾಕೆ ತಗೊಂಡೆವು ಅಂದರೆ, ನಿದ್ದೆಗೆ. ರಾಡ್ ಹೀಟರ್ ಮುಂದೆ ಕೂತರೆ ಮೊಣಕಾಲು ಸುಡುತ್ತದೆ, ಬೆನ್ನು ನಡುಗುತ್ತದೆ. ಬಿಸಿ ಗಾಳಿ ಊದುವ ಬ್ಲೋವರ್ ಬೇಗ ಬಿಸಿ ಮಾಡುತ್ತದೆ, ಆದರೆ ಅದರ ಸದ್ದಿಗೆ ನಿದ್ದೆ ಬರುವುದಿಲ್ಲ, ಆಫ್ ಮಾಡಿದ ಗಳಿಗೆಯಲ್ಲೇ ಮತ್ತೆ ಚಳಿ. ಆಯಿಲ್ ಹೀಟರ್ ನಿಧಾನ. ಬೆಚ್ಚಗೆ ಅನಿಸಲು ಅರ್ಧ ಗಂಟೆ ಬೇಕು, ಕಾಯುವಾಗ ಲೋಹ ಹಿಗ್ಗಿ ಟಿಕ್ ಟಿಕ್ ಅನ್ನುತ್ತದೆ, ಆಮೇಲೆ ಸದ್ದಿಲ್ಲ, ಬೆಳಕಿಲ್ಲ. ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಬಿಸಿ ಇರುತ್ತದೆ.

ಅದರ ಗುಂಡಿಯ ಮೇಲೆ ಡಿಗ್ರಿ ಬರೆದಿಲ್ಲ, ಸುಮ್ನೆ ಕಡಿಮೆಯಿಂದ ಜಾಸ್ತಿಗೆ ಒಂದು ಗೆರೆ. ಮೊದಲು ಪೂರ್ತಿ ಜಾಸ್ತಿಗೆ ತಿರುಗಿಸಿ. ಕೋಣೆ ಹಿತವಾಯಿತು ಅನಿಸಿದಾಗ ಮೆಲ್ಲಗೆ ಹಿಂದಕ್ಕೆ ತಿರುಗಿಸುತ್ತಾ ಬನ್ನಿ, ಒಂದು ಕಡೆ ಕಟ್ ಅಂತ ಸದ್ದಾಗಿ ದೀಪ ಆರುತ್ತದೆ. ಅಲ್ಲಿಗೆ ಬಿಟ್ಟುಬಿಡಿ. ಮುಂದೆ ಅದೇ ಬಿಸಿಯ ಸುತ್ತಮುತ್ತ ತಾನೇ ಆನ್-ಆಫ್ ಆಗುತ್ತಿರುತ್ತದೆ. ಫ್ಯಾನ್ ಮೊದಲ ಹದಿನೈದು ನಿಮಿಷಕ್ಕೆ ಸಾಕು.

ಪ್ಲಗ್ ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಇದಕ್ಕೆ 16 ಆಂಪಿಯರ್‌ನ ದಪ್ಪ ಪಿನ್ನಿನ ಪಾಯಿಂಟ್ ಬೇಕು. ನಮ್ಮ ಮಲಗುವ ಕೋಣೆಯಲ್ಲಿ ಅಂಥದ್ದು ಇದ್ದದ್ದು ಎಸಿಗೆ ಮಾತ್ರ, ಅದು ಸೂರಿನ ಹತ್ತಿರ, ಹೀಟರಿನ ವೈರ್ ಅಲ್ಲಿಗೆ ಎಟುಕುವುದಿಲ್ಲ. ಸಾಧಾರಣ ಎಕ್ಸ್‌ಟೆನ್ಷನ್ ಬೋರ್ಡ್ ಹಾಕಲೇಬೇಡಿ, ಅದು ಇಷ್ಟು ಲೋಡ್ ತಡೆಯುವುದಿಲ್ಲ, ಕರಗಿಹೋಗುತ್ತದೆ. ಮಾಲೀಕರಿಗೆ ಹೇಳಿ ಎಲೆಕ್ಟ್ರಿಷಿಯನ್ ಕರೆಸಿ ಕೆಳಗೊಂದು ಪಾಯಿಂಟ್ ಹಾಕಿಸಿ. ಬೆಳಿಗ್ಗೆ ಗೀಸರ್ ಮತ್ತು ಹೀಟರ್ ಒಟ್ಟಿಗೆ ಹಾಕಿದರೆ ನಮ್ಮಲ್ಲಿ ಎಂಸಿಬಿ (ಲೋಡ್ ಜಾಸ್ತಿಯಾದರೆ ಕರೆಂಟ್ ಕಡಿಯುವ ಸ್ವಿಚ್) ಬೀಳುತ್ತದೆ, ಹಾಗಾಗಿ ಸ್ನಾನದ ಹೊತ್ತಿಗೆ ಹೀಟರ್‌ಗೆ ರಜೆ.

ಬಿಲ್ ಲೆಕ್ಕ ಸುಲಭ. 2500ರ ಬದಲು 1500 ವ್ಯಾಟ್‌ನಲ್ಲಿಟ್ಟು ರಾತ್ರಿ ನಾಲ್ಕು ಗಂಟೆ ಪೂರ್ತಿ ಓಡಿದರೆ 6 ಯೂನಿಟ್, ತಿಂಗಳಿಗೆ 180. ದೆಹಲಿಯ ಸಬ್ಸಿಡಿಯಲ್ಲಿ 200 ಯೂನಿಟ್‌ವರೆಗೆ ಬಿಲ್ ಸೊನ್ನೆ, 400ರವರೆಗೆ ಅರ್ಧ, ಅದನ್ನು ದಾಟಿದರೆ ಏನೂ ಇಲ್ಲ. ಗೀಸರ್, ಫ್ರಿಜ್, ಇದು ಮೂರೂ ಸೇರಿದರೆ 200 ಯಾವಾಗ ದಾಟಿತೋ ಗೊತ್ತೇ ಆಗುವುದಿಲ್ಲ. ಇನ್ನೊಂದು ಕೋಣೆಗೂ ಹೀಟರ್ ಇಟ್ಟರೆ 400 ದೂರವಿಲ್ಲ.

ಹೀಟರಿಗಿಂತ ಮೊದಲು ಕಿಟಕಿ ಸಂದಿಗೆ ಫೋಮ್ ಟೇಪ್ ಅಂಟಿಸಿ, ಬಾಗಿಲ ಕೆಳಗೆ ಹಳೆ ಟವೆಲ್ ಸುತ್ತಿಡಿ. ಈ ಪುಡಿಗಾಸಿನ ಕೆಲಸ ಮಾಡದೆ ಹೀಟರ್ ಹಾಕುವುದು ತೂತು ಬಿದ್ದ ಕೊಡಕ್ಕೆ ನೀರು ತುಂಬಿದ ಹಾಗೆ. ಹೊಸ ಹೀಟರ್ ಮೊದಲ ಸಲ ಬಿಸಿಯಾದಾಗ ಸುಟ್ಟ ಪೇಂಟಿನ ವಾಸನೆ ಬರುತ್ತದೆ, ಹೊರಗಿನ ಗಾಳಿ ತಕ್ಕಮಟ್ಟಿಗೆ ಇರುವ ದಿನ ಕಿಟಕಿ ತೆರೆದು ಅದೊಂದನ್ನು ಮುಗಿಸಿಕೊಳ್ಳಿ. ಜರ್ಮನಿಯಲ್ಲಿ ಎಂಥ ಚಳಿಯಲ್ಲೂ ದಿನಾ ಸ್ವಲ್ಪ ಹೊತ್ತು ಕಿಟಕಿ ತೆರೆದಿಡುವ ರೂಢಿ, ದೆಹಲಿಯ ಹೊಗೆಯಲ್ಲಿ ಅದು ಆಗದ ಮಾತು. ಅಲ್ಲಿ ರೇಡಿಯೇಟರ್ ಮೇಲೆ ಸಾಕ್ಸ್ ಒಣಗಿಸುತ್ತಿದ್ದ ಅಭ್ಯಾಸವನ್ನೂ ಇಲ್ಲಿ ಬಿಡಬೇಕು, ಇದರ ಮೇಲೆ ಬಟ್ಟೆ ಹಾಕಬಾರದು ಅಂತ ಸ್ಪಷ್ಟವಾಗಿ ಬರೆದಿದೆ. ಗಟ್ಟಿಯಾದ ಕೊಬ್ಬರಿ ಎಣ್ಣೆ ಬಾಟಲಿಯನ್ನು ಸ್ವಲ್ಪ ದೂರದಲ್ಲಿಟ್ಟರೆ ತಲೆಗೆ ಹಚ್ಚುವ ಹೊತ್ತಿಗೆ ಕರಗಿರುತ್ತದೆ, ಅಮ್ಮನಿಗೆ ಹೀಟರಿನಲ್ಲಿ ಮೆಚ್ಚುಗೆಯಾದದ್ದು ಅದೊಂದೇ.

ಮನೆಯಲ್ಲಿ ಈಗಾಗಲೇ ಬಿಸಿ ಗಾಳಿಯನ್ನೂ ಕೊಡುವ ಇನ್ವರ್ಟರ್ ಎಸಿ ಇದ್ದರೆ ಇದು ಬೇಡವೇ ಬೇಡ. ಅದು ಹೊರಗಿನ ಗಾಳಿಯಲ್ಲಿರುವ ಶಾಖವನ್ನೇ ಒಳಗೆ ತರುವುದರಿಂದ ಅಷ್ಟೇ ಕರೆಂಟಿಗೆ ಎರಡು-ಮೂರು ಪಟ್ಟು ಬಿಸಿ ಕೊಡುತ್ತದೆ. ಒಬ್ಬರೇ ಇರುವವರಾದರೆ ಮೊದಲು ಒಳ್ಳೆ ಹತ್ತಿ ರಜಾಯಿ ಮಾಡಿಸಿ. ರಸ್ತೆ ಬದಿಯ ಅಂಗಡಿಯಲ್ಲಿ ಎಷ್ಟು ಕಿಲೋ ಅಂತ ಕೇಳಿ ಕಣ್ಣೆದುರೇ ಅರಳೆ ಹಿಂಜಿ ತುಂಬಿ ಹೊಲಿದು ಕೊಡುತ್ತಾರೆ, ಹೀಟರಿಗೆ ಕೊಡುವ ದುಡ್ಡಿನಲ್ಲಿ ಅಂಥವು ಹಲವು ಬರುತ್ತವೆ.

ಕೊಳ್ಳುವುದಾದರೆ ದೀಪಾವಳಿ ಹೊತ್ತಿಗೇ ಕೊಳ್ಳಿ, ಚಳಿ ಜೋರಾದ ಮೇಲೆ ಬೇಕಾದ ಸೈಜ್ ಸಿಗುವುದು ಕಷ್ಟ. ಮತ್ತೆ, ಹೋಳಿ ಆದ ಮೇಲೆ ಇದನ್ನು ಎಲ್ಲಿಡುತ್ತೀರಿ ಅಂತಲೂ ನೋಡಿಕೊಳ್ಳಿ. ಮಂಚದ ಕೆಳಗೆ ಹಿಡಿಸುವುದಿಲ್ಲ, ಒಳಗೆ ಎಣ್ಣೆ ಇರುವುದರಿಂದ ಮಲಗಿಸಿಡುವಂತೆಯೂ ಇಲ್ಲ.