ಚೆರ್ನಿ, ಬರ್ಗ್‌ಮ್ಯುಲರ್, ಹೆಲರ್: ಮೂರೂ ನುಡಿಸಿದ್ಮೇಲೆ ನನ್ನ ವೋಟು ಯಾರಿಗೆ

ಪಿಯಾನೋ ಬಿಗಿನರ್ ಬುಕ್ ಮುಗೀತು, ಮುಂದೇನು ಅಂತ ಕೇಳಿದ್ರೆ ಸಾಮಾನ್ಯವಾಗಿ ಬರೋ ಹೆಸ್ರು ಮೂರು, ಮೂರೂ ಹಳೇ ಸಂಗೀತಗಾರರು ಬರೆದ ಅಭ್ಯಾಸದ ಪುಸ್ತಕಗಳು (ಓಪಸ್ ಅಂದ್ರೆ ಆ ಸಂಗೀತಗಾರರ ಕೃತಿಯ ನಂಬರ್): ಚೆರ್ನಿ ಓಪಸ್ 599, ಬರ್ಗ್‌ಮ್ಯುಲರ್ ಓಪಸ್ 100, ಹೆಲರ್ ಓಪಸ್ 47. ಮೂರನ್ನೂ ಮನೇಲಿರೋ ಡಿಜಿಟಲ್ ಪಿಯಾನೋದಲ್ಲಿ ನುಡಿಸಿ ನೋಡಿದೀನಿ.

ಚೆರ್ನಿದು ಬೇಗ ಹೇಳ್ಬಿಡ್ತೀನಿ. ಬೀಥೋವನ್ ಶಿಷ್ಯ, ಹೆಸರಾಂತ ಪಿಯಾನೋ ವಾದಕ ಫ್ರಾಂಜ್ ಲಿಸ್ಟ್‌ಗೆ ಗುರು, ಪಾಠ ಗೊತ್ತಿಲ್ಲದವ್ರಲ್ಲ. 599ರಲ್ಲಿರೋ 100 ಅಭ್ಯಾಸ ಥೇಟ್ ನಮ್ಮ ಸರಳೆ, ಜಂಟಿವರಸೆ ಇದ್ದಂಗೆ, ಬೆರಳು ಖಂಡಿತ ಪಳಗತ್ತೆ, ಆದ್ರೆ ಮನೆಗೆ ಬಂದವ್ರು ಏನಾದ್ರೂ ನುಡಿಸಿ ಅಂದ್ರೆ ಇದ್ರಲ್ಲಿ ಒಂದನ್ನೂ ನುಡಿಸೋಕೆ ಮನಸ್ಸು ಬರಲ್ಲ.

ಬರ್ಗ್‌ಮ್ಯುಲರ್ ಜರ್ಮನಿಯ ರೇಗನ್ಸ್‌ಬರ್ಗ್‌ನಲ್ಲಿ 1806ರಲ್ಲಿ ಹುಟ್ಟಿ ಪ್ಯಾರಿಸ್ಸಲ್ಲಿ ನೆಲೆ ನಿಂತವ್ರು, ಅಲ್ಲಿ ಬ್ಯಾಲೆಗೂ ಸಂಗೀತ ಬರೆದ್ರು, ಆ ನಾಟಕೀಯತೆ ಈ 25 ಪೀಸಲ್ಲೂ ಇದೆ. ಎಲ್ರೂ ನುಡಿಸೋ ಎರಡನೇದು, ಅರಬೆಸ್ಕ್, ತಗೊಳ್ಳಿ. ಬಲಗೈ ಒಂದು ಪುಟ್ಟ ಓಟ ಓಡತ್ತೆ, ಎಡಗೈ ಕಾರ್ಡ್ (ಒಟ್ಟಿಗೇ ಒತ್ತೋ ಕೆಲವು ಸ್ವರ) ಒತ್ಕೊಂಡು ಆರಾಮಾಗಿರತ್ತೆ, ಮಧ್ಯದಲ್ಲಿ ಅದೇ ಓಟ ಎಡಗೈಗೆ ಬಿತ್ತು ನೋಡಿ, ಆಗ ಗೊತ್ತಾಗತ್ತೆ ಎಡಗೈ ಎಷ್ಟು ಸೋಮಾರಿ ಅಂತ. 15ನೇದು ಬಲ್ಲಾಡ್, ಸಿ ಮೈನರ್ ಅನ್ನೋ ಸ್ಕೇಲಲ್ಲಿದೆ, ಅದ್ರಲ್ಲಂತೂ ಶುರುವಿಂದ್ಲೇ ಮೇಲೆ ಬರೀ ಕಾರ್ಡ್, ಕಥೆ ಹೇಳೋದೆಲ್ಲ ಎಡಗೈನೇ, ನಡುವೆ ಸಿ ಮೇಜರ್‌ಗೆ ತಿರುಗಿದಾಗ ಬಲಗೈಗೆ ಹಾಡೋಕೆ ಸಿಗತ್ತೆ. ಎಕ್ಸರ್‌ಸೈಜ್ ಮಾಡ್ತಿದೀನಿ ಅನ್ನೋದೇ ಮರ್ತೋಗತ್ತೆ. ಪುಟ್ಟ ಕೈಗಳಿಗೆ ಅಂತ್ಲೇ ಬರೆದಿರೋದ್ರಿಂದ ಮಕ್ಕಳಿಗೂ ಬೆರಳು ಎಟುಕತ್ತೆ.

ತಕರಾರು ಸ್ಪೀಡ್ ಬಗ್ಗೆ. ಎಷ್ಟೋ ಎಡಿಷನ್‌ಗಳಲ್ಲಿ ಮೊದಲ್ನೇ ಪೀಸಿಗೇ ಮೆಟ್ರೋನೋಮ್ (ಲಯ ತೋರ್ಸೋ ಯಂತ್ರ) 152, ಅಂದ್ರೆ ನಿಮಿಷಕ್ಕೆ 152 ಬೀಟ್, ಅಂತ ಹಾಕಿದಾರೆ, ಅಷ್ಟು ಮೃದುವಾದ ಹಾಡಿಗೆ ಯಾಕಪ್ಪಾ ಆ ಅವಸರ! ನಾನು 110ರ ಹತ್ರ ನುಡಿಸ್ತೀನಿ, ಚೆನ್ನಾಗೇ ಕೇಳ್ಸತ್ತೆ. ಸುಲಭದಿಂದ ಕಷ್ಟಕ್ಕೆ ಅನ್ನೋ ಕ್ರಮಾನೂ ಅಷ್ಟು ನಂಬ್ಬೇಡಿ, ಮೂರನೇದು ಎರಡನೇದಕ್ಕಿಂತ ಹಗುರ.

ಹೆಲರ್ ಹುಟ್ಟಿದ್ದು ಪೆಸ್ಟ್‌ನಲ್ಲಿ (ಈಗಿನ ಬುಡಾಪೆಸ್ಟ್‌ನ ಭಾಗ), ಬದುಕಿದ್ದು ಪ್ಯಾರಿಸ್ಸಲ್ಲೇ. ಇವ್ರದ್ರಲ್ಲಿ ಬೆರಳಿಗಿಂತ ಕಿವಿಗೆ ಕೆಲ್ಸ ಜಾಸ್ತಿ, ಯಾವ ಸ್ವರ ಮೇಲೆ ಬರ್ಬೇಕು, ಪೆಡಲ್ ಎಲ್ಲಿ ಬಿಡ್ಬೇಕು, ವಾಕ್ಯ ಎಲ್ಲಿ ಉಸಿರು ತಗೋಬೇಕು, ಇದೇ ಪಾಠ. ಸಂಗೀತ ಅಂತ ನೋಡಿದ್ರೆ ಬರ್ಗ್‌ಮ್ಯುಲರ್‌ಗಿಂತ ಆಳ ಇದೆ, ಒಪ್ತೀನಿ, ಆದ್ರೆ ವೆಯ್ಟೆಡ್ ಕೀ (ನಿಜವಾದ ಪಿಯಾನೋ ಥರ ಭಾರ ಇರೋ ಕೀ) ಇಲ್ದಿರೋ ಸಾದಾ ಕೀಬೋರ್ಡಲ್ಲಿ ಅದ್ಯಾವ್ದೂ ಹೊರಗೇ ಬರಲ್ಲ. ಹಾಗಾಗಿ ಮೊದ್ಲು ಬರ್ಗ್‌ಮ್ಯುಲರ್, ಅರ್ಧ ದಾಟಿದ್ಮೇಲೆ ಜೊತೆಗೆ ಹೆಲರ್, ಚೆರ್ನಿ ವಾರ್ಮ್‌ಅಪ್‌ಗೆ ಸಾಕು.

ಮೂವರದ್ದೂ ಕಾಪಿರೈಟ್ ಮುಗ್ದಿದೆ, ಐಎಂಎಸ್‌ಎಲ್‌ಪಿ ಅನ್ನೋ ವೆಬ್‌ಸೈಟಲ್ಲಿ ಪಿಡಿಎಫ್ ಫ್ರೀ. ಹೆಲರ್ ಡೌನ್‌ಲೋಡ್ ಮಾಡುವಾಗ ಮಾತ್ರ ನಂಬರ್ ಚಿಕ್ಕದು ಅಂತ ಓಪಸ್ 45 ತೆಗೀಬೇಡಿ, 47ಕ್ಕಿಂತ ಅದೇ ಕಷ್ಟ.