ಗಾಂಧಿ ಬಜಾರಿನ ಬೀಗದ ಅಂಗಡಿ: ಎರಡು ಕಳ್ಳತನಗಳ ನಂತರ ಮಾಡಿಸಿದ ಕೆಲಸದ ಬಗ್ಗೆ

ಶಿವಮೊಗ್ಗದ ಗಾಂಧಿ ಬಜಾರಿನಿಂದ ಒಳಕ್ಕೆ ಹೋಗುವ ಓಣಿಯೊಂದರಲ್ಲಿ ಫಲಕವಿಲ್ಲದ ಒಂದು ಸಣ್ಣ ಅಂಗಡಿಯಿದೆ. ಸುತ್ತಲಿನವರು ಅದನ್ನು ಬೀಗದ ಅಂಗಡಿ ಎಂದಷ್ಟೇ ಕರೆಯುತ್ತಾರೆ. ಕೀಲಿಕೈ ಮಾಡಿಕೊಡುವುದು, ಹಳೆಯ ಬೀಗ ರಿಪೇರಿ ಮಾಡುವುದು, ಬಾಗಿಲಿಗೆ ಚಿಲಕ, ಬೀಗ ತೂಗುಹಾಕುವ ದಪ್ಪ ಸರಳಿನ ಆಲ್‌ಡ್ರಾಪ್ ಕೂರಿಸುವುದು ತಂದೆಯ ಕೆಲಸ. ಸಿಸಿ ಕ್ಯಾಮೆರಾ ಹಾಕುವುದು ಮಗನ ಕೆಲಸ. ಎಂಟು ತಿಂಗಳೊಳಗೆ ಎರಡು ಸಲ ಕಳ್ಳತನವಾದ ನಮ್ಮ ಮನೆಗೆ ಇವರಿಬ್ಬರೂ ಮಾಡಿಕೊಟ್ಟ ಕೆಲಸ ಒಂದು ಅಡಿಕೆ ಸುಗ್ಗಿಯನ್ನೂ ಒಂದು ಪೂರ್ಣ ಮಳೆಗಾಲವನ್ನೂ ದಾಟಿದೆ. ಅದರ ಗುಣವನ್ನೂ ಕೊರತೆಯನ್ನೂ ಅನುಭವದಿಂದ ಹೇಳಬಲ್ಲೆ ಎನ್ನಿಸಿದ್ದರಿಂದ ಈಗ ಬರೆಯುತ್ತಿದ್ದೇನೆ.

ನಮ್ಮ ಮನೆ ತುಂಗಾ ನಾಲೆಯ ಪಕ್ಕದ ಬಡಾವಣೆಯಲ್ಲಿದೆ, ತೋಟ ತೀರ್ಥಹಳ್ಳಿಯ ಕಡೆಗಿದೆ. ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಶುರುವಾದರೆ ನಾನೂ ನನ್ನ ಹೆಂಡತಿಯೂ ಹದಿನೈದು ಇಪ್ಪತ್ತು ದಿನ ಊರಿನಲ್ಲಿಯೇ ಉಳಿಯಬೇಕಾಗುತ್ತದೆ, ಏಕೆಂದರೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು ಇವುಗಳಲ್ಲಿ ಯಾವುದನ್ನೂ ದೂರದಿಂದ ಮಾಡಿಸಲಾಗುವುದಿಲ್ಲ. ನಮ್ಮ ಬೀದಿಯಲ್ಲಿ ಹೀಗೆ ಸುಗ್ಗಿಯ ಹೊತ್ತಿಗೆ ಬೀಗ ಬೀಳುವ ಮನೆಗಳು ನಾಲ್ಕಿವೆ. ಅಂಗಳದಲ್ಲಿ ರಂಗೋಲಿಯಿಲ್ಲದೆ, ಗೇಟಿನಲ್ಲಿ ಹಾಲಿನ ಪ್ಯಾಕೆಟ್ ಇಲ್ಲದೆ ಮೂರು ದಿನ ಕಳೆದರೆ ಮನೆಯಲ್ಲಿ ಜನರಿಲ್ಲ ಎಂದು ದಾರಿಯಲ್ಲಿ ಹೋಗುವ ಯಾರಿಗಾದರೂ ತಿಳಿಯುತ್ತದೆ.

2023ರ ಡಿಸೆಂಬರಿನಲ್ಲಿ ಮೊದಲ ಕಳ್ಳತನವಾಯಿತು. ನಾವು ಬಂದು ನೋಡಿದಾಗ ಬೀಗ ಒಡೆದಿರಲಿಲ್ಲ. ಹಾಕಿದ್ದ ಹಾಗೆಯೇ, ಕೊಂಡಿ ಮತ್ತು ಪಟ್ಟಿಯ ಸಮೇತ, ನಾಲ್ಕು ಸಣ್ಣ ಸ್ಕ್ರೂಗಳನ್ನು ಕಚ್ಚಿಕೊಂಡು ಬಾಗಿಲ ಮುಂದಿನ ಮ್ಯಾಟಿನ ಮೇಲೆ ಬಿದ್ದಿತ್ತು. ಒಳಗೆ ಬೀರುವಿನ ಬಟ್ಟೆಗಳೆಲ್ಲ ನೆಲದ ಮೇಲಿದ್ದವು. ದೇವರ ಮನೆಯ ಬೆಳ್ಳಿಯ ದೀಪಗಳು, ಪಂಚಪಾತ್ರೆ, ಸ್ವಲ್ಪ ನಗದು ಹೋಗಿದ್ದವು. ನನ್ನ ಹೆಂಡತಿಗೆ ಅವಳ ತಾಯಿ ಕೊಟ್ಟಿದ್ದ ಅವಲಕ್ಕಿ ಸರವೂ ಹೋಗಿತ್ತು. ನಾನು ಮಾಡಿದ ಮೊದಲ ಕೆಲಸವೆಂದರೆ ಪೇಟೆಗೆ ಹೋಗಿ ಇನ್ನೂ ದಪ್ಪನೆಯ, ಇನ್ನೂ ದುಬಾರಿಯ ಬೀಗ ತಂದದ್ದು. ಅದನ್ನು ತೂಗುಹಾಕಿದ್ದು ಅದೇ ಜಾಗದ ಅದೇ ಬಗೆಯ ಕೊಂಡಿಗೆ.

ಎರಡನೆಯ ಕಳ್ಳತನವಾದದ್ದು 2024ರ ಜುಲೈ ಕೊನೆಯ ವಾರದಲ್ಲಿ. ಸಾಗರದ ಕಡೆ ಬಂಧುಗಳೊಬ್ಬರ ವೈಕುಂಠ ಸಮಾರಾಧನೆಗೆ ಹೋದವರು ಮಳೆಯಿಂದಾಗಿ ಎರಡು ರಾತ್ರಿ ಅಲ್ಲಿಯೇ ಉಳಿಯಬೇಕಾಯಿತು. ಆ ಮಳೆಯಲ್ಲಿ ಶೀಟಿನ ಮೇಲೆ ಬೀಳುವ ನೀರಿನ ಸದ್ದಿಗೆ ಪಕ್ಕದ ಮನೆಯ ಕುಕ್ಕರಿನ ಸೀಟಿಯೂ ಕೇಳುವುದಿಲ್ಲ. ಈ ಸಲ ಮುಂಬಾಗಿಲನ್ನು ಯಾರೂ ಮುಟ್ಟಿರಲಿಲ್ಲ. ಹಿತ್ತಲ ಬಾಗಿಲನ್ನು ಮೀಟಿ ಒಳಬಂದಿದ್ದರು. ಚಿನ್ನ ಸಿಗದ ಸಿಟ್ಟಿಗೋ ಏನೋ, ಬಚ್ಚಲು ಮನೆಯ ತಾಮ್ರದ ಹಂಡೆ, ನೀರಿನ ಮೋಟಾರು, ಎರಡು ಸಿಲಿಂಡರುಗಳನ್ನು ಹೊತ್ತೊಯ್ದಿದ್ದರು. ಮೊದಲ ಪ್ರಕರಣದ ಎಫ್‌ಐಆರ್ ಭಾರತೀಯ ದಂಡ ಸಂಹಿತೆಯ 457 ಮತ್ತು 380ನೇ ಕಲಂಗಳಲ್ಲಿ ದಾಖಲಾಗಿತ್ತು. 2024ರ ಜುಲೈ 1ರಿಂದ ಕಾನೂನೇ ಬದಲಾಗಿದ್ದರಿಂದ ಎರಡನೆಯದು ಭಾರತೀಯ ನ್ಯಾಯ ಸಂಹಿತೆಯ 331 ಮತ್ತು 305ನೇ ಕಲಂಗಳಲ್ಲಿ ದಾಖಲಾಯಿತು. ಒಂದೇ ಮನೆಯ ಎರಡು ಕಳ್ಳತನಗಳ ಕಾಗದಗಳು ಎರಡು ಕಾನೂನುಗಳ ಹೆಸರಿನಲ್ಲಿ ನಮ್ಮ ಕಪಾಟಿನಲ್ಲಿವೆ. ಮೊದಲನೆಯದಕ್ಕೆ ಕೊನೆಗೆ ಸಿ ರಿಪೋರ್ಟ್, ಅಂದರೆ ಆರೋಪಿಗಳು ಪತ್ತೆಯಾಗಲಿಲ್ಲವೆಂಬ ವರದಿ, ಸಲ್ಲಿಕೆಯಾಯಿತು. ಆ ದಿನದಿಂದ ನನ್ನ ಹೆಂಡತಿ, ಒಂದು ರಾತ್ರಿಯ ಮಟ್ಟಿಗೂ ಮನೆ ಬಿಟ್ಟು ಬರುವುದಿಲ್ಲ ಎಂದು ಹಟ ಹಿಡಿದಳು. ಅವಳನ್ನು ತಪ್ಪೆಂದು ಹೇಳಲು ನನ್ನಲ್ಲಿ ಯಾವ ಮಾತೂ ಇರಲಿಲ್ಲ.

ಬೀಗದ ಅಂಗಡಿಗೆ ಹೋದದ್ದು ಆಗ. ಮತ್ತೊಂದು ಬೀಗ ಕೇಳಿದೆ. ಹಿರಿಯರು ಬೀಗವನ್ನು ಕೈಗೆ ಕೊಡಲಿಲ್ಲ. "ಬೀಗ ಆಮೇಲೆ ಕೊಡ್ತೀನಿ ಮೇಷ್ಟ್ರೇ, ಮೊದಲು ಬಾಗಿಲು ನೋಡೋಣ" ಎಂದರು. ಮರುದಿನ ಬೆಳಿಗ್ಗೆ ಹಳೆಯ ಸ್ಕೂಟರಿನಲ್ಲಿ ಬಂದು, ಮುಂಬಾಗಿಲಿನ ಬಿಜಾಗರಿಯ ಒಂದು ಸ್ಕ್ರೂ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ಅರ್ಧ ಇಂಚಿಗಿಂತ ಸ್ವಲ್ಪ ಉದ್ದವಿದ್ದ ಅದರ ಎಳೆಗಳ ತುಂಬ ತುಕ್ಕು ಮೆತ್ತಿಕೊಂಡಿತ್ತು. ಹಲಸಿನ ಮರದ ಬಾಗಿಲು, ಒಂದೂವರೆ ಇಂಚು ದಪ್ಪ, ಒಬ್ಬರೇ ಎತ್ತಲಾಗದಷ್ಟು ಭಾರ. ಅದನ್ನು ಇಪ್ಪತ್ತು ವರ್ಷ ಹಿಡಿದುಕೊಂಡಿದ್ದದ್ದು ಅಂಥ ಹನ್ನೆರಡು ಸ್ಕ್ರೂಗಳು. ನಂತರ ಅವರು ದಾರಂದವನ್ನು, ಅಂದರೆ ಬಾಗಿಲಿನ ಚೌಕಟ್ಟನ್ನು, ಗೆಣ್ಣಿನಿಂದ ಬಡಿಯುತ್ತ ಮೇಲಿಂದ ಕೆಳಗೆ ಬಂದರು. ಒಂದು ಜಾಗದಲ್ಲಿ ಸದ್ದು ಟೊಳ್ಳಾಯಿತು. ದಾರಂದಕ್ಕೂ ಗೋಡೆಗೂ ನಡುವೆ ಎರಡು ಬೆರಳಿನಷ್ಟು ಸಂದಿ ಬಿಟ್ಟು ಮೇಲೆ ಗಾರೆ ಬಳಿದು ಮುಚ್ಚಿದ್ದು ಅಲ್ಲಿ ತಿಳಿಯಿತು. ಮನೆ ಕಟ್ಟಿಸಿದ ನನಗೆ ಗೊತ್ತಿರದ ಸಂಗತಿ ಇದು.

ಅವರು ವಿವರಿಸಿದ ರೀತಿ ನನಗೆ ಬಹಳ ಹಿಡಿಸಿತು. ಕಳ್ಳನಿಗೆ ಒಳಗೆ ಹೋಗಲು ಎಷ್ಟು ಹೊತ್ತು ಬೇಕು, ಆ ಹೊತ್ತಿನಲ್ಲಿ ಎಷ್ಟು ಸದ್ದಾಗುತ್ತದೆ, ಆ ಸದ್ದು ಯಾರ ಕಿವಿಗೆ ಬೀಳುತ್ತದೆ ಎಂಬ ಮೂರೇ ಪ್ರಶ್ನೆಗಳನ್ನು ಅವರು ಪ್ರತಿ ಬಾಗಿಲಿಗೂ ಕೇಳಿಕೊಳ್ಳುತ್ತಾರೆ. ನಮ್ಮ ಮುಂಬಾಗಿಲಿಗೆ ಒಂದು ಕಬ್ಬಿಣದ ಸರಳಿದ್ದರೆ ಒಂದು ನಿಮಿಷ ಸಾಕು, ಹಿತ್ತಲಿನದಕ್ಕೆ ಅದೂ ಬೇಡ ಎಂಬುದು ಅವರ ಲೆಕ್ಕವಾಗಿತ್ತು.

ಕೆಲಸಕ್ಕೆ ಎರಡು ದಿನ ಹಿಡಿಯಿತು. ಸಂದಿಯನ್ನು ಸಿಮೆಂಟಿನಿಂದ ತುಂಬಿಸಿ, ದಾರಂದವನ್ನು ಗೋಡೆಗೆ ಉದ್ದನೆಯ ಆಂಕರ್ ಬೋಲ್ಟುಗಳಿಂದ ಬಿಗಿದರು. ಬಿಜಾಗರಿಗಳಿಗೆ ಮೂರು ಇಂಚಿನ ಸ್ಕ್ರೂ ಹಾಕಿದರು. ಆಲ್‌ಡ್ರಾಪನ್ನು ಸ್ಕ್ರೂಗಳ ಬದಲು ಬಾಗಿಲಿನ ಆಚೆಗೂ ಹಾಯುವ ಬೋಲ್ಟುಗಳಿಂದ ಕೂರಿಸಿ, ಒಳಬದಿಗೆ ಕಬ್ಬಿಣದ ಪಟ್ಟಿ ಕೊಟ್ಟು ನಟ್ಟು ಬಿಗಿದರು. ಹೀಗಾಗಿ ಹೊರಗಿನಿಂದ ಮೀಟಿದರೆ ಇಡೀ ಹಲಗೆಯೇ ಸೀಳಿಕೊಂಡು ಬರಬೇಕು. ಹಿತ್ತಲ ಬಾಗಿಲಿಗೆ ಅವರು ಮಾಡಿದ ಉಪಾಯ ನನ್ನ ಅಜ್ಜನ ಮನೆಯದ್ದು. ಅಲ್ಲಿ ರಾತ್ರಿಯಾದರೆ ಬಾಗಿಲ ಹಿಂದೆ ಅಡ್ಡಲಾಗಿ ಮರದ ಅಗುಳಿಯನ್ನು ಎಳೆಯುತ್ತಿದ್ದರು. ಇಲ್ಲಿ ಒಳಗಿನ ಗೋಡೆಗೆ ಎರಡೂ ಬದಿಯಲ್ಲಿ ಕೊಂಡಿಗಳನ್ನು ನೆಟ್ಟು, ಮೇಲೊಂದು ಕೆಳಗೊಂದು ಕಬ್ಬಿಣದ ಅಗುಳಿ ಇಟ್ಟರು. ಊರಿಗೆ ಹೊರಡುವಾಗ ಹಿತ್ತಲ ಬಾಗಿಲನ್ನು ಒಳಗಿನಿಂದ ಅಗುಳಿ ಹಾಕಿ ಮುಂಬಾಗಿಲಿನಿಂದ ಹೊರಬಂದರೆ, ಹಿಂದೆ ಮೀಟಲು ಬೀಗವೂ ಇಲ್ಲ, ಕೊಂಡಿಯೂ ಇಲ್ಲ. ಇಷ್ಟಕ್ಕೆ ಕೂಲಿ, ಸಾಮಾನು ಸೇರಿ 14,200 ರೂಪಾಯಿ ಆಯಿತು.

ಅವರು ಒಂದು ವ್ಯಾಪಾರವನ್ನು ಬೇಡವೆಂದದ್ದನ್ನೂ ಇಲ್ಲಿ ಹೇಳಬೇಕು. ಮನೆಗೊಂದು ಸಣ್ಣ ತಿಜೋರಿ ಬೇಕೆಂದು ನಾನು ಕೇಳಿದಾಗ, ಗೋಡೆಗೆ ಕಚ್ಚಿಸದ ತಿಜೋರಿಯನ್ನು ಕಳ್ಳರು ಹಾಗೆಯೇ ಹೊತ್ತುಕೊಂಡು ಹೋಗುತ್ತಾರೆ, ಒಡವೆಯನ್ನು ಬ್ಯಾಂಕಿನ ಲಾಕರಿನಲ್ಲಿಡಿ ಎಂದರು. ರಿಸರ್ವ್ ಬ್ಯಾಂಕಿನ ನಿಯಮದಂತೆ 2022ರ ಜನವರಿಯಿಂದ, ಬ್ಯಾಂಕಿನಲ್ಲೇ ಕಳ್ಳತನ ಅಥವಾ ದರೋಡೆಯಾಗಿ ಲಾಕರಿನ ವಸ್ತು ಹೋದರೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿನವರೆಗೆ ಬ್ಯಾಂಕು ಹೊಣೆಯಾಗುತ್ತದೆ. ಬಾಡಿಗೆ ಕಡಿಮೆಯಿದ್ದರೆ ಆ ಮೊತ್ತ ದೊಡ್ಡದಲ್ಲ, ಆದರೂ ಬೀರುವಿಗಿಂತ ಮೇಲು. ಉಳಿದ ಒಡವೆಗಳ ಫೋಟೋ ತೆಗೆದು, ತೂಕ ಬರೆದು, ಹೊಸ ಒಡವೆಗಳ ಹಾಲ್‌ಮಾರ್ಕಿನ ಆರು ಅಕ್ಷರ-ಅಂಕೆಗಳ ಸಂಖ್ಯೆಯನ್ನೂ ಬರೆದಿಟ್ಟಿದ್ದೇವೆ. ಅವಲಕ್ಕಿ ಸರದ ಒಂದೇ ಒಂದು ಸ್ಪಷ್ಟ ಫೋಟೋ ಇಲ್ಲದೆ, ಠಾಣೆಯಲ್ಲಿ ಅದರ ವಿನ್ಯಾಸವನ್ನು ನನ್ನ ಹೆಂಡತಿ ಬಿಳಿ ಹಾಳೆಯ ಮೇಲೆ ಪೆನ್ನಿನಿಂದ ಬರೆದು ತೋರಿಸಿದ್ದು ನನಗೆ ಇನ್ನೂ ನೋವಾಗಿ ಉಳಿದಿದೆ.

ಇನ್ನು ಕ್ಯಾಮೆರಾಗಳ ವಿಷಯ. ಮಗ ನಾಲ್ಕು ಕ್ಯಾಮೆರಾ, ಒಂದು ಟಿಬಿ ಹಾರ್ಡ್‌ಡಿಸ್ಕಿನ ಡಿವಿಆರ್ (ದೃಶ್ಯ ದಾಖಲಿಸಿಡುವ ಪೆಟ್ಟಿಗೆ) ಸೇರಿಸಿ 26,500 ರೂಪಾಯಿ ತೆಗೆದುಕೊಂಡರು. ಹದಿನೆಂಟು ದಿನಗಳ ದೃಶ್ಯ ಉಳಿಯುತ್ತದೆ; ಸುಗ್ಗಿಗೆ ಇಪ್ಪತ್ತು ದಿನ ಹೋಗುವ ನಮ್ಮಂಥವರಿಗೆ ಅದು ಸಾಲದು, ಇದನ್ನು ಮೊದಲೇ ಹೇಳಬೇಕಿತ್ತು. ಕರೆಂಟು ಹೋದರೆ ಕ್ಯಾಮೆರಾವೂ ಕುರುಡು ಎಂಬುದನ್ನು ನಾನೇ ಕಂಡುಕೊಂಡು, ಮತ್ತೆ 3,800 ರೂಪಾಯಿ ಕೊಟ್ಟು ಯುಪಿಎಸ್ ಹಾಕಿಸಿದೆ. ಮಲೆನಾಡಿನಲ್ಲಿ ಕ್ಯಾಮೆರಾ ಮಾರುವವರು ಯುಪಿಎಸ್ ಇಲ್ಲದೆ ಮಾರಲೇಬಾರದು. ರಾತ್ರಿ ಕ್ಯಾಮೆರಾದ ಬೆಳಕಿಗೆ ಹುಳುಗಳು ಬರುತ್ತವೆ, ಹುಳುಗಳಿಗಾಗಿ ಜೇಡ ಬಲೆ ಕಟ್ಟುತ್ತದೆ, ಬಲೆಯ ಮೇಲೆ ಮಳೆಹನಿ ಕೂತರೆ ಪರದೆಯ ತುಂಬ ಬಿಳಿ ಮಂಜು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ವಾರಕ್ಕೊಮ್ಮೆ ಕೋಲಿಗೆ ಬಟ್ಟೆ ಸುತ್ತಿ ಒರೆಸುವುದು ನನ್ನ ಕೆಲಸವಾಗಿದೆ. 2025ರ ಏಪ್ರಿಲ್ ಕೊನೆಯ ಗುಡುಗು ಮಳೆಯಲ್ಲಿ ಸಿಡಿಲಿಗೆ ಒಂದು ಕ್ಯಾಮೆರಾ ಸುಟ್ಟುಹೋಯಿತು. ಅದನ್ನು ಬದಲಾಯಿಸಲು ಹತ್ತೊಂಬತ್ತು ದಿನ, ಏಳು ಫೋನು ಬೇಕಾದವು. ಅದೇ ತಿಂಗಳಿನಿಂದ ಸುರಕ್ಷತಾ ಪರೀಕ್ಷೆಯಲ್ಲಿ ಪ್ರಮಾಣೀಕರಿಸಿದ ಸಿಸಿ ಕ್ಯಾಮೆರಾಗಳನ್ನಷ್ಟೇ ಮಾರಬೇಕೆಂಬ ಕೇಂದ್ರ ಸರ್ಕಾರದ ನಿಯಮ ಜಾರಿಗೆ ಬಂದಿದ್ದರಿಂದ, ಹೊಸದನ್ನು ಕೊಳ್ಳುವಾಗ ಪ್ರಮಾಣಪತ್ರ ಕೇಳಿ ಪಡೆದೆ.

ಇದಕ್ಕಿಂತ ದೊಡ್ಡ ದೂರು ಇನ್ನೊಂದಿದೆ. ಕ್ಯಾಮೆರಾ ಜೋಡಿಸಿದ ದಿನ ಪರೀಕ್ಷೆಗೆಂದು ಮಗ ತಮ್ಮ ಫೋನಿನಲ್ಲಿ ನಮ್ಮ ಮನೆಯ ದೃಶ್ಯಗಳನ್ನು ತೆರೆದಿದ್ದರು. ಅದನ್ನು ತೆಗೆಯಲು ಮರೆತಿದ್ದರು. ನಾಲ್ಕು ತಿಂಗಳ ನಂತರ ನನ್ನ ಅಳಿಯ ಬಂದು ನೋಡಿದಾಗಲೇ ನಮಗೆ ತಿಳಿದದ್ದು. ದುರುದ್ದೇಶವಿತ್ತೆಂದು ನಾನು ನಂಬುವುದಿಲ್ಲ, ಅವರು ಕೂಡಲೇ ಕ್ಷಮೆ ಕೇಳಿ ನನ್ನೆದುರೇ ಅಳಿಸಿದರು. ಆದರೂ ಮನೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದು ಹೊರಗಿನ ಒಂದು ಫೋನಿನಲ್ಲಿ ನಾಲ್ಕು ತಿಂಗಳು ಕಾಣುತ್ತಿತ್ತು ಎಂಬುದು ಸಣ್ಣ ತಪ್ಪಲ್ಲ. ಅದರಲ್ಲೂ ತಂದೆಯವರು ಬೀಗವನ್ನಾಗಲಿ ಮೂಲ ಕೀಲಿಯನ್ನಾಗಲಿ ತರದೆ ಬರೀ ಫೋಟೋ ತೋರಿಸಿದವರಿಗೆ ನಕಲು ಕೀಲಿ ಮಾಡಿಕೊಡದಷ್ಟು ಕಟ್ಟುನಿಟ್ಟಿನವರು. ಇಲ್ಲಿ ಕ್ಯಾಮೆರಾ ಹಾಕಿಸುವವರು ಕೆಲಸ ಮುಗಿದ ದಿನವೇ ಪಾಸ್‌ವರ್ಡ್ ಬದಲಾಯಿಸಿ, ಯಾರ ಫೋನುಗಳು ಸೇರಿವೆ ಎಂದು ನೋಡಿಕೊಳ್ಳಬೇಕು.

2025ರ ಜನವರಿಯಲ್ಲಿ ನಾವು ತೋಟದಲ್ಲಿದ್ದಾಗ ಮೂರನೆಯ ಸಲ ಬಂದರು. ಆಮೇಲೆ ನೋಡಿದ ದೃಶ್ಯದ ಪ್ರಕಾರ ರಾತ್ರಿ 2 ಗಂಟೆ 10 ನಿಮಿಷಕ್ಕೆ ಇಬ್ಬರು ಕಾಂಪೌಂಡು ಹಾರಿದ್ದಾರೆ, ತಲೆಗೆ ಮಂಕಿ ಕ್ಯಾಪು, ಮುಖಕ್ಕೆ ಟವೆಲ್ಲು. ಮುಂಬಾಗಿಲಿನಲ್ಲಿ ಹನ್ನೊಂದು ನಿಮಿಷ ಹೆಣಗಾಡಿ, ಹಿತ್ತಲಿಗೆ ಹೋಗಿ ನಾಲ್ಕು ನಿಮಿಷ ಒದ್ದು ನೋಡಿದ್ದಾರೆ. ಆ ಸದ್ದಿಗೆ ಎದುರು ಮನೆಯವರು ಎದ್ದು ದೀಪ ಹಾಕಿ, ಹೊರಗೆ ಬಾರದೆ ಒಳಗಿನಿಂದಲೇ 112ಕ್ಕೆ ಕರೆ ಮಾಡಿದ್ದಾರೆ. ದೀಪ ಹೊತ್ತಿದ್ದೇ ಇಬ್ಬರೂ ಓಡಿದ್ದಾರೆ. ನನ್ನ ಫೋನಿಗೆ ಬಂದ ಎಚ್ಚರಿಕೆಯನ್ನು ನಾನು ನೋಡಿದ್ದು ಬೆಳಿಗ್ಗೆ ಏಳಕ್ಕೆ, ಏಕೆಂದರೆ ನಮ್ಮ ತೋಟದಲ್ಲಿ ನೆಟ್‌ವರ್ಕ್ ಸಿಗುವುದು ಕಣದ ಮೂಲೆಯ ಒಂದೇ ಜಾಗದಲ್ಲಿ. ಆ ರಾತ್ರಿ ಮನೆ ಉಳಿದದ್ದು ತಂದೆಯವರ ಬೋಲ್ಟುಗಳಿಂದ ಮತ್ತು ಎದುರು ಮನೆಯವರ ಕಿವಿಯಿಂದ. ಮುಂಬಾಗಿಲಿನ ದಾರಂದದಲ್ಲಿ ಸರಳಿನ ಏಳು ಗುರುತುಗಳಿವೆ. ಅತ್ಯಂತ ಆಳವಾದದ್ದಕ್ಕೆ ನನ್ನ ಕಿರುಬೆರಳಿನ ತುದಿ ಹೋಗುತ್ತದೆ, ಅದರ ತಳದಲ್ಲಿ ಕಬ್ಬಿಣ ತಗಲುತ್ತದೆ.

ಕ್ಯಾಮೆರಾದ ಉಪಯೋಗ ಕಂಡದ್ದು ಮರುದಿನ. ತನಿಖೆಗೆ ದೃಶ್ಯವನ್ನು ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನಂತೆ ಪ್ರಮಾಣಪತ್ರ ಬೇಕಾಗುತ್ತದೆ. ಮಗ ತಾವಾಗಿಯೇ ಬಂದು ಡಿವಿಆರ್‌ನಿಂದ ದೃಶ್ಯ ಇಳಿಸಿ, ಪ್ರಮಾಣಪತ್ರಕ್ಕೆ ಬೇಕಾದ ವಿವರಗಳನ್ನೆಲ್ಲ ಬರೆಯಿಸಿಕೊಟ್ಟು, ಅದಕ್ಕೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ. ಈಗ ಊರಿಗೆ ಹೊರಡುವ ಮುನ್ನ ಎಷ್ಟು ದಿನ ಇರುವುದಿಲ್ಲವೆಂದು ಠಾಣೆಯಲ್ಲಿ ತಿಳಿಸುತ್ತೇವೆ, ಎದುರು ಮನೆಯವರು ಸಂಜೆ ನಮ್ಮ ಜಗುಲಿಯ ದೀಪ ಹಾಕುತ್ತಾರೆ, ನಾವು ಮರಳುವಾಗ ಅವರಿಗೆ ಒಂದು ಗೊನೆ ಬಾಳೆ ತರುತ್ತೇವೆ. ಕಳೆದ ತಿಂಗಳು ನನ್ನ ಹೆಂಡತಿ ಮೂರು ರಾತ್ರಿ ತೋಟದಲ್ಲಿದ್ದು ಬಂದಳು. ಹೊರಡುವ ಮೊದಲು ಹಿತ್ತಲಿನ ಅಗುಳಿಗಳನ್ನು ಅವಳೇ ಎಳೆದಳು.

ಬಾಗಿಲು, ದಾರಂದ, ಚಿಲಕ, ಬೀಗದ ಕೆಲಸಕ್ಕೆ ಈ ಅಂಗಡಿಯನ್ನು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ. ಕ್ಯಾಮೆರಾಕ್ಕೆ ಹೋಗುವವರು ವಾರಂಟಿಯನ್ನು ಬರವಣಿಗೆಯಲ್ಲಿ, ಬಿಲ್ಲಿನ ಸಮೇತ ಪಡೆಯಬೇಕು. ಕೇಳದೆ ಅವರು ಕೊಡುವುದಿಲ್ಲ. ಬೆಳಿಗ್ಗೆ ಹತ್ತರೊಳಗೆ ಹೋದರೆ ಹಿರಿಯರು ಸಿಗುತ್ತಾರೆ, ಆಮೇಲೆ ಯಾರದ್ದೋ ಮನೆಯ ಬಾಗಿಲ ಮುಂದೆ ಕೂತಿರುತ್ತಾರೆ. ನಮ್ಮ ಬಚ್ಚಲು ಮನೆಗೆ ಇನ್ನೂ ಹಂಚಿನ ಮಾಡೇ ಇದೆ. ನಾಲ್ಕು ಹಂಚು ಸರಿಸಿದರೆ ಒಳಗೆ ಇಳಿಯಬಹುದೆಂದು ಅವರೇ ತೋರಿಸಿ, ಹಂಚಿನ ಕೆಳಗೆ ಕಬ್ಬಿಣದ ಜಾಲರಿ ಹಾಕಿಕೊಡುವುದಾಗಿ ಹೇಳಿ ಅಳತೆ ತೆಗೆದುಕೊಂಡು ಹೋಗಿ ಮೂರು ವಾರವಾಯಿತು. ಕೊಯ್ಲಿಗೆ ಮುಂಚೆ ಅದೂ ಆಗಬೇಕೆಂದು ನಾಳೆ ಮತ್ತೆ ಓಣಿಗೆ ಹೋಗುತ್ತಿದ್ದೇನೆ.